ವಾಮದೇವಪ್ಪನವರ ಹೆಸರಿನ ಸೈಕಲ್

ನನ್ನ ಮಾವ ವಾಮದೇವಪ್ಪನವರ ಮನೆಯಲ್ಲಿ ಹೆಸರಿಲ್ಲದೆ ಬದುಕುತ್ತಿರುವ ಪ್ರಾಣಿ ಎಂದರೆ ಗೋಡೆಯ ಮೇಲಿನ ಹಲ್ಲಿ ಒಂದೇ. ಹರಿಹರದ ಆ ಮನೆಯ ಕೊಳಗ, ತಪ್ಪೇಲಿ, ಸೌಟು, ಕೊನೆಗೆ ಚಹಾ ಸೋಸುವ ಜರಡಿಯ ಹಿಡಿಕೆಯ ಮೇಲೂ ‘ಶ್ರೀ ವಾಮದೇವಪ್ಪ, ಹರಿಹರ’ ಎಂದು ಉಳಿಯಿಂದ ಕೊರೆಸಿದ್ದಾರೆ. ಊಟಕ್ಕೆ ಕೂತರೆ ಅನ್ನ ಕರಗಿದಂತೆಲ್ಲ ತಟ್ಟೆಯ ತಳದಿಂದ ಮಾವನವರು ಅಕ್ಷರ ಅಕ್ಷರವಾಗಿ ಪ್ರತ್ಯಕ್ಷರಾಗುತ್ತಾರೆ. ಹೆಸರಿಲ್ಲದ ಅಂಗಡಿಯ ಸಕ್ಕರೆಯನ್ನು ಅವರ ನಾಲಿಗೆ ಸಿಹಿ ಎಂದು ಒಪ್ಪುವುದಿಲ್ಲ.

ಇಂಥ ಮನೆಯ ಹಿರಿಯ ಅಳಿಯ ನಾನು, ಗುರುಮೂರ್ತಿ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ವಿಮೆ ಮಾಡಿಸುವ ಗುರುಮೂರ್ತಿ ಎಂದರೆ ತಿಳಿಯದವರಿಲ್ಲ. ನಾನು ಬರುವುದನ್ನು ಕಂಡರೆ ಬೀದಿಯ ಆ ತುದಿಯಿಂದಲೇ ಬಾಗಿಲು ಮುಚ್ಚಿಕೊಳ್ಳುವಷ್ಟು ನನ್ನ ಖ್ಯಾತಿ. ಮಾವನವರ ಮನೆಗೆ ಮಿಕ್ಸಿಯಿಂದ ಹಿಡಿದು ಟೀವಿಯವರೆಗೆ ಎಲ್ಲವನ್ನೂ ಆರಿಸಿಕೊಟ್ಟವನು ನಾನೇ. ಮಿಕ್ಸಿ ಸುಟ್ಟುಹೋಗಿದ್ದು ಬೇರೆ ಮಾತು. ಆರಿಸುವುದು ನನ್ನ ಕೆಲಸ, ತಿರುಗುವುದು ಮಿಕ್ಸಿಯ ಕೆಲಸ.

ಆ ಪಟ್ಟಕ್ಕೆ ಕುತ್ತು ಬಂದದ್ದು ನನ್ನ ಷಡ್ಡಕ ಪ್ರಶಾಂತನಿಂದ. ಆ ಮನೆಯ ಎರಡನೆಯ ಅಳಿಯನಾದ ಅವನು ಒಂದು ದಿನ ವಿದೇಶಿ ಕಂಪನಿಯ ರೇಸ್ ಸೈಕಲ್ ಹತ್ತಿ ದಾವಣಗೆರೆಯಿಂದ ಹರಿಹರಕ್ಕೆ ಊಟಕ್ಕೆ ಬಂದ. ಅದರ ಮೇಲೆ ಕಂಪನಿಯ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ, ಹೆಸರಿಗೆ ಕೆಳಗೆ ಎರಡು ಗಾಲಿ ಹಚ್ಚಿದಂತೆ ಕಾಣುತ್ತಿತ್ತು. ಮಾವನವರು ಕನ್ನಡಕ ಇಲ್ಲದೆಯೇ ಓದಿಬಿಟ್ಟರು.

“ನೋಡ್ರಿ ಗುರುಮೂರ್ತಿ, ವಸ್ತು ಅಂದ್ರೆ ಇದು. ಎದುರು ಬೀದಿಯಿಂದ ಓದಬಹುದು.”

“ಹೆಸರಿಗೇನ್ರೀ ಮಾವ, ಸೋಪಿನ ಮ್ಯಾಲೂ ಇರ್ತೈತೆ. ನಾಕು ಸಲ ತಿಕ್ಕಿದ್ರೆ ಹೋಗ್ತೈತೆ” ಎಂದೆ ನಾನು.

ಪ್ರಶಾಂತ ನಕ್ಕ. ಅವನು ಅಂದು ತಂದದ್ದು ಸೈಕಲ್ ಒಂದನ್ನೇ ಅಲ್ಲ, ನನ್ನ ಕೊನೆಯ ನಾದಿನಿ ಅಂಕಿತಾಳಿಗೆ ಒಂದು ಸಂಬಂಧವನ್ನೂ. ದಾವಣಗೆರೆಯ ದೊಡ್ಡ ಅಡತಿ ವ್ಯಾಪಾರದ ಮನೆತನ. ಬಸ್ ನಿಲ್ದಾಣದ ಕಲ್ಲುಬೆಂಚಿನಿಂದ ರುದ್ರಭೂಮಿಯ ನೀರಿನ ತೊಟ್ಟಿಯವರೆಗೆ ಅವರದೇ ಹೆಸರು. ಮನುಷ್ಯ ಊರಿಗೆ ಬಂದು ಇಳಿದಲ್ಲಿಂದ ಊರು ಬಿಡುವವರೆಗೆ ಅವರನ್ನು ಓದುತ್ತಲೇ ಇರಬೇಕು. ಹುಡುಗ ಹೇಗೆ ಎಂದು ಪ್ರಶಾಂತನಿಗೂ ಗೊತ್ತಿರಲಿಲ್ಲ. ಅಷ್ಟು ಹೆಸರಿರುವಾಗ ಹುಡುಗ ಯಾಕೆ ಬೇಕು?

ಹೋಳಿಗೆ ಬಡಿಸುತ್ತಿದ್ದ ಅಂಕಿತಾ ನಿಂತಲ್ಲೇ ಹೇಳಿದಳು: “ಅಪ್ಪ, ನಾನು ಕಲ್ಲುಬೆಂಚನ್ನ ಮದುವಿ ಆಗಲ್ಲ. ಬಾತಿ ಊರಿನ ಕೊಟ್ರೇಶನ್ನ ಒಂದ್ಸಲ ಕರೆಸಿ ಮಾತಾಡ್ಸು ಅಂತ ಎಷ್ಟು ಹೇಳೀನಿ.”

“ಯಾವ ಕೊಟ್ರೇಶ? ಯಾರ ಪೈಕಿ? ಯಾವ ಬೋರ್ಡಿನ ಮ್ಯಾಲೂ ಆ ಹೆಸರು ಓದಿಲ್ಲಲ್ಲ ನಾನು.”

“ಡ್ರಿಪ್ ಪೈಪಿನ ಅಂಗಡಿ ಐತಪ್ಪ. ಬೋರ್ಡು ಇನ್ನೂ ಬರೆಸಿಲ್ಲ.”

“ಬೋರ್ಡೇ ಇಲ್ಲ!” ಎಂದರು ಮಾವನವರು, ಹುಡುಗನಿಗೆ ತಲೆಯೇ ಇಲ್ಲ ಎಂಬ ಧಾಟಿಯಲ್ಲಿ.

ಅಂಕಿತಾ ನನ್ನ ಕಡೆ ನೋಡಿದಳು. ಬಾಯಲ್ಲಿ ಹೋಳಿಗೆ ಇದ್ದಾಗ ನನಗೆ ಧೈರ್ಯ ಜಾಸ್ತಿ. “ಮಾವ, ಯಾರೂ ಹೆಸರು ಕೇಳದ ಸಾಮಾನೇ ಆರಿಸಿ, ತರಿಸಿ, ನಾನೊಂದು ರೇಸ್ ಸೈಕಲ್ ಕಟ್ತೀನಿ. ಅದರ ಮ್ಯಾಲೆ ದಾವಣಗೆರೆಯಿಂದ ಹರಿಹರಕ್ಕೆ ಬರ್ತೀನಿ. ಮುರೀದೆ ಮುಟ್ಟಿದ್ರೆ ಬಾತಿ ಹುಡುಗನ್ನ ಕರೆಸ್ಬೇಕು ನೀವು.”

“ಮುರಿದ್ರೆ?”

“ಮುರಿದ್ರೆ ಪ್ರಶಾಂತ ಹೇಳಿದ ಕಡೆ ಮಾತು ಕೊಡ್ರಿ.”

ಮಾವನವರು ಒಪ್ಪಿದರು. ವ್ಯಾಪಾರಸ್ಥರು, ನಷ್ಟ ಇಲ್ಲದ ಪಂದ್ಯ ಕಂಡರೆ ಬಿಡುವವರಲ್ಲ. ಅಂಕಿತಾ ನನ್ನ ಎಲೆಗೆ ತುಪ್ಪ ಸುರಿಯುತ್ತ ಪಿಸುಗುಟ್ಟಿದಳು: “ಭಾವಾ, ನೀವು ಸೈಕಲ್ ಹೊಡೆದು ಎಷ್ಟು ವರ್ಷ ಆತು?”

“ಅದು ಮರೆಯೋ ವಿದ್ಯೆ ಅಲ್ಲಮ್ಮ.”

“ನೀವು ಬಿದ್ರೆ ಎದ್ದು ಬರ್ತೀರಿ ಭಾವಾ. ನಾನು ಜೀವನ ಪೂರ್ತಿ ಆ ಬೆಂಚಿನ ಮ್ಯಾಲೆ ಕೂತಿರ್ಬೇಕು.”

ತುಪ್ಪ ಎಲೆಯಿಂದ ಹೊರಗೆ ಹರಿಯಿತು.

ಮುಂದೆ ನಾನು ಮಾಡಿದ ಸಂಶೋಧನೆಗೆ ಯಾವ ವಿಶ್ವವಿದ್ಯಾಲಯವಾದರೂ ಶಾಲು ಹೊದಿಸಬೇಕಿತ್ತು. ಅಂತರ್ಜಾಲದಲ್ಲಿ ಚೀನಾದ ಸಣ್ಣಪುಟ್ಟ ಕಂಪನಿಗಳ ಸಾಮಾನು ರಾಶಿ ಬಿದ್ದಿತ್ತು. ಒಂದೊಂದರ ಕೆಳಗೂ ಕೊಂಡವರ ಅಭಿಪ್ರಾಯ. ಪೋಲೆಂಡಿನ ಒಬ್ಬ ಬೇಕರಿಯವನು, ಬ್ರೆಜಿಲ್ಲಿನ ಒಬ್ಬ ಪಾದ್ರಿ, ಎಲ್ಲಿಯವಳೋ ಒಬ್ಬ ಸೂಲಗಿತ್ತಿ, ಇವರೆಲ್ಲ ನನಗೆ ಸ್ವಂತ ಅಣ್ಣ ಅಕ್ಕಂದಿರಂತಾದರು. ಅವರ ಬಾಯಲ್ಲಿ ಅತಿ ದೊಡ್ಡ ಹೊಗಳಿಕೆ ಎಂದರೆ ‘ಇನ್ನೂ ಮುರಿದಿಲ್ಲ’. ಆ ಎರಡು ಪದ ಕಂಡಲ್ಲಿ ನಾನು ಕೈಮುಗಿದು ಖರೀದಿಸಿದೆ.

ಬರೀ ಒಳ್ಳೆಯ ಸಾಮಾನಾದರೆ ಸಾಲದು, ಒಂದಕ್ಕೊಂದು ಕೂಡಬೇಕು. ಟೋಕ್ವಿನ್ ಎಂಬ ಕಂಪನಿಯ ಗೇರಿಗೆ ಹುವಾಚಿ ಕಂಪನಿಯ ಚೈನು ಒಗ್ಗುವುದಿಲ್ಲ. ಹುವಾಚಿಗೆ ಒಗ್ಗುವ ಹಲ್ಲುಚಕ್ರ ಸೆಂಪಾರೊ ಕಂಪನಿಯ ಗಾಲಿಗೆ ಕೂರುವುದಿಲ್ಲ. ಗಣಕೂಟ ನೋಡುವ ಶಾಸ್ತ್ರಿಗಳೂ ಇಷ್ಟು ಬೆವರಿರಲಾರರು. ಒಂದು ಪೆಡಲಿಗೆ ಗಂಡು ಹುಡುಕುವಷ್ಟರಲ್ಲಿ ನನ್ನ ಚಪ್ಪಲಿ ಸವೆದವು. ಕೂತಲ್ಲೇ ಹುಡುಕಿದ್ದು ಎಂಬುದನ್ನು ಓದುಗರು ಗಮನಿಸಬೇಕು.

ನನ್ನ ಹೆಂಡತಿ ಸುಷ್ಮಾ ಹೆಗಲ ಮೇಲಿಂದ ಇಣುಕಿದಳು. “ರೀ, ನನ್ನ ನೋಡಾಕ ಬಂದಾಗ ನೀವು ಇಷ್ಟು ವಿಚಾರಣೆ ಮಾಡಿರ್ಲಿಲ್ಲ.”

“ಆಗ ಹಿಂಗೆ ಅಭಿಪ್ರಾಯ ಓದೋ ಸವಲತ್ತು ಇರ್ಲಿಲ್ಲ ಸುಷ್ಮಾ.”

“ಇದ್ದಿದ್ರೆ ನಾನು ಓದಿರ್ತಿದ್ದೆ ಬಿಡ್ರಿ.”

ದಿನಕ್ಕೊಂದು ಪಾರ್ಸೆಲ್ ಬರತೊಡಗಿತು. ಎದುರುಮನೆ ನಿರ್ಮಲಮ್ಮನವರು ರಂಗೋಲಿ ಹಾಕುವುದನ್ನೇ ಪಾರ್ಸೆಲ್ಲಿನ ವೇಳೆಗೆ ಹೊಂದಿಸಿಕೊಂಡರು. ಉದ್ದದ ಡಬ್ಬಿ ಬಂದಾಗ ನಾನು ಬಂದೂಕು ತರಿಸಿದೆನೆಂದೂ ದುಂಡು ಡಬ್ಬಿ ಬಂದಾಗ ಸುಷ್ಮಾಳಿಗೆ ಹೊಸ ದೋಸೆ ಹೆಂಚೆಂದೂ ಬಡಾವಣೆಗೆ ಸುದ್ದಿಯಾಯಿತು. ಎರಡನ್ನೂ ಸೇರಿಸಿ, ನಮ್ಮ ಮನೆಯಲ್ಲಿ ಜಗಳ ವಿಪರೀತಕ್ಕೆ ಹೋಗಿದೆ ಎಂದು ಮಾತಾಯಿತು.

ಸೈಕಲ್ ಜೋಡಿಸಿದವನು ಮೂಲೆ ಅಂಗಡಿಯ ಮೈಲಪ್ಪ. ಬಡಾಯಿಯಲ್ಲಿ ನನಗೆ ಸರಿಸಾಟಿ ಎಂದು ಈ ಜಿಲ್ಲೆಯಲ್ಲಿ ನಾನು ಒಪ್ಪುವ ಏಕೈಕ ವ್ಯಕ್ತಿ. “ಗುರಣ್ಣ, ಇಂಥವು ದಿನಾ ಹತ್ತು ಕಟ್ಟಿ ಎಸೀತೀನಿ” ಎಂದ. ಮೊದಲ ಸಲ ಹ್ಯಾಂಡಲನ್ನು ತಲೆಕೆಳಗು ಹಾಕಿದ. ರೇಸ್ ಸೈಕಲ್ಲಿನ ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿರಬೇಕೆಂದು ನಾನು ಚಿತ್ರ ತೋರಿಸಿದ ಮೇಲೆ, “ನಿನ್ನ ಪರೀಕ್ಷೆ ಮಾಡಿದೆ” ಎಂದ. ಎಲ್ಲ ಮುಗಿದು ಎರಡು ಸ್ಕ್ರೂ, ಒಂದು ವಾಷರ್ ಉಳಿದವು.

“ಇವು?”

“ಉಳಿತಾಯ” ಎಂದ ಮೈಲಪ್ಪ.

ಸಿದ್ಧವಾದ ಸೈಕಲನ್ನು ಮನೆಯ ಮುಂದೆ ನಿಲ್ಲಿಸಲು ಆಗಲಿಲ್ಲ, ಸ್ಟ್ಯಾಂಡ್ ಇರಲಿಲ್ಲ, ಗೋಡೆಗೆ ಒರಗಿಸಿದೆ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. ನಿರ್ಮಲಮ್ಮನವರು ಬಾಯಿಗೆ ಸೆರಗು ಹಿಡಿದರು. “ಅಯ್ಯೋ ಶಿವನೇ! ಯಾರೋ ಎಲ್ಲಾ ಬಿಚ್ಕೊಂಡು ಹೋಗ್ಯಾರಲ್ರೀ! ಇಷ್ಟಾದ್ರೂ ಬಿಟ್ಟು ಹೋಗ್ಯಾರಲ್ಲ, ಪುಣ್ಯ. ಕಂಪ್ಲೇಂಟ್ ಕೊಡ್ರಿ.”

ನನ್ನನ್ನು ಕಾಡಿದ್ದು ಅದಲ್ಲ. ಹುವಾಚಿ, ಸೆಂಪಾರೊ, ಟೋಕ್ವಿನ್ ಎಂದು ಸಣ್ಣ ಅಕ್ಷರಗಳು ಅಲ್ಲಲ್ಲಿ ಇದ್ದವು. ಮಾವನವರು ಕನ್ನಡಕ ಏರಿಸಿ ಓದಿ, ಪ್ರಶಾಂತನ ಕಡೆ ತಿರುಗಿ ನಗುತ್ತಾರೆ. ಸೈಕಲ್ ಮುಟ್ಟಿದರೂ ಮರ್ಯಾದೆ ಮುಟ್ಟುವುದಿಲ್ಲ. ಈ ಚಿಂತೆಯಲ್ಲಿ ಊಟಕ್ಕೆ ಕೂತೆ. ತಟ್ಟೆ ಸುಷ್ಮಾಳ ತವರಿನದು. ಅನ್ನ ಕರಗಿತು, ತಳದಿಂದ ಮಾವನವರು ಮೇಲೆದ್ದರು: ‘ಶ್ರೀ ವಾಮದೇವಪ್ಪ, ಹರಿಹರ’.

ಜಗತ್ತಿನಲ್ಲಿ ಸೇಬು ಬಿದ್ದಾಗ ಒಬ್ಬನಿಗೆ ಜ್ಞಾನೋದಯವಾಯಿತಂತೆ. ನನಗೆ ಸಾರು ಮುಗಿದಾಗ ಆಯಿತು. ತಮ್ಮ ಹೆಸರೇ ಬರೆದಿರುವ ವಸ್ತುವನ್ನು ನೋಡಿ ನಮ್ಮ ಮಾವ ನಗುತ್ತಾರೆಯೇ? ಕೈ ತೊಳೆದವನೇ ಸೈಕಲನ್ನು ಚೌಕಿಪೇಟೆಗೆ ಒಯ್ದೆ.

ಅಲ್ಲಿ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಉಳಿ, ಸುತ್ತಿಗೆಯಿಂದ ಹೆಸರು ಹಾಕುವ ಮುದುಕ ಸೈಕಲನ್ನು ಮೇಲೆ ಕೆಳಗೆ ನೋಡಿದ. “ಪಾತ್ರೆ ಎಲ್ಲೈತ್ರೀ?”

“ಇದನ್ನೇ ಪಾತ್ರೆ ಅಂದ್ಕೋ. ಎಲ್ಲೆಲ್ಲಿ ಜಾಗ ಐತೋ ಅಲ್ಲೆಲ್ಲಾ ಹಾಕು.”

ಅವನು ಹಾಕಿದ. ಹ್ಯಾಂಡಲ್, ಸೀಟಿನ ಕಂಬ, ಪೆಡಲಿನ ತೋಳು, ಗೇರು ಬದಲಿಸುವ ಸಣ್ಣ ಕೊಂಡಿ, ಯಾವುದನ್ನೂ ಬಿಡಲಿಲ್ಲ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಉದ್ದನೆಯ ಅಡ್ಡಪಟ್ಟಿಯೂ ಮುಗಿದಿತ್ತು. ಅಷ್ಟು ಜಾಗ ಖಾಲಿ ಕಂಡು ಮುದುಕನ ಕೈ ಅಭ್ಯಾಸಬಲದಿಂದ ಮುಂದುವರಿದಿತ್ತು: ‘ಶ್ರೀ ವಾಮದೇವಪ್ಪ, ಹರಿಹರ. ಗೃಹಪ್ರವೇಶದ ಸವಿನೆನಪಿಗೆ’.

“ಗೃಹಪ್ರವೇಶ ಯಾರದಜ್ಜ?”

“ಯಾರದಾದ್ರೂ ಆಗೇ ಆಗಿರ್ತೈತೆ ಬಿಡ್ರಿ” ಎಂದ ಮುದುಕ.

ಭಾನುವಾರ ಬೆಳಿಗ್ಗೆ ಇಬ್ಬರು ಅಳಿಯಂದಿರೂ ಹೊರಟೆವು. ಪ್ರಶಾಂತ ಮೈಗಂಟಿದ ಬಣ್ಣದ ಅಂಗಿ ತೊಟ್ಟು ಗಿಣಿಯಂತಿದ್ದ. ನಾನು ಗಾಳಿಗೆ ಸಮಾನವಾಗಿ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಾಳಿ ಸ್ವಲ್ಪ ಹಿಂದೆ ಬಿತ್ತು. ಪ್ರಶಾಂತ ಅದಕ್ಕಿಂತಲೂ ಮುಂದೆ ಇದ್ದ ಎಂಬುದು ಇಲ್ಲಿ ಅಪ್ರಸ್ತುತ.

ಬಾತಿಯಲ್ಲಿ ರಸ್ತೆ ಬದಿಗೆ ಒಬ್ಬ ಕಪ್ಪನೆಯ, ಉದ್ದನೆಯ ಹುಡುಗ ಬಾಳೆಹಣ್ಣು ಹಿಡಿದು ನಿಂತಿದ್ದ. “ಗುರುಮೂರ್ತಿ ಅಣ್ಣಾರಲ್ರೀ? ನಾನು ಕೊಟ್ರೇಶ. ಅಂಕಿತಾ ಫೋನ್ ಮಾಡಿದ್ಲು, ನಿಮಗೆ ಸುಸ್ತಾಗಿರ್ತೈತೆ ಅಂತ.”

“ಸುಸ್ತು? ನನಗೆ?” ಎಂದೆ. ಈ ಎರಡು ಪದ ಹೇಳಲು ನಾನು ನಾಲ್ಕು ಸಲ ಉಸಿರೆಳೆದೆ.

ಅವನು ಬಾಳೆಹಣ್ಣು ನನ್ನ ಕೈಗಿಟ್ಟು, ಪೈಪಿನ ಸುರುಳಿ ಕಟ್ಟಿದ್ದ ತನ್ನ ಹಳೇ ಸೈಕಲ್ ಹತ್ತಿ ನನ್ನ ಹಿಂದೆ ಹಿಂದೆ ಬಂದ. ಅವನ ಹಣೆಬರಹ ನನ್ನ ಗಾಲಿಯಲ್ಲಿ ತಿರುಗುತ್ತಿರುವಾಗ ಅವನಾದರೂ ಮನೆಯಲ್ಲಿ ಹೇಗೆ ಕೂತಾನು?

ಹರಿಹರ ಇನ್ನೇನು ಬಂತು, ಪೊಲೀಸ್ ಚೌಕಿ ಕಾಣಿಸಿತು, ಆಗ ಗೇರಿನ ಬಳಿ ‘ಟಕ್’ ಎಂದಿತು. ಮುದುಕನ ಸುತ್ತಿಗೆ ತಿಂದಿದ್ದ ಕೊಂಡಿ ಒಂದಿಷ್ಟು ಬಾಗಿ ಚೈನು ಬಿತ್ತು. ಮುರಿಯಲಿಲ್ಲ, ದಯವಿಟ್ಟು ಗಮನಿಸಿ, ಬಿತ್ತು. ಚೌಕಿಯ ಮುಂದೆಯೇ ಕೂತು ಚೈನು ಹಾಕತೊಡಗಿದೆ. ಮುಂದೆ ಹೋಗಿದ್ದ ಪ್ರಶಾಂತ ತಿರುಗಿ ಬಂದು ಮೊಬೈಲಿನಲ್ಲಿ ನನ್ನ ಫೋಟೊ ತೆಗೆಯುತ್ತ ನಿಂತ.

ಚೌಕಿಯಿಂದ ಹವಾಲ್ದಾರರು ಚಹಾ ಲೋಟದೊಂದಿಗೆ ಹೊರಬಂದರು. “ಭಾರಿ ಸೈಕಲ್ಲಲ್ರೀ. ಎಷ್ಟಾತು?”

ಇಲ್ಲಿ ನಾನು ನಿಜ ಹೇಳಬಹುದಿತ್ತು. ಆದರೆ ಪ್ರಶಾಂತ ಕೇಳಿಸಿಕೊಳ್ಳುತ್ತಿದ್ದ. “ನಾಕು ಲಕ್ಷ” ಎಂದೆ.

ಹವಾಲ್ದಾರರ ಲೋಟ ಬಾಯಿಗೆ ಹೋಗುವುದನ್ನು ನಿಲ್ಲಿಸಿತು. ಅವರು ಬಗ್ಗಿ ಅಡ್ಡಪಟ್ಟಿಯನ್ನು ಓದಿದರು. “ಶ್ರೀ ವಾಮದೇವಪ್ಪ, ಹರಿಹರ. ನಿಮ್ಮ ಹೆಸರೇನ್ರೀ?”

“ಗುರುಮೂರ್ತಿ. ದಾವಣಗೆರೆ.”

“ಗೃಹಪ್ರವೇಶದ ಸವಿನೆನಪಿಗೆ” ಎಂದು ಅವರು ಇನ್ನೊಮ್ಮೆ ಓದಿ ನಿಧಾನವಾಗಿ ನೆಟ್ಟಗಾದರು. “ತಿಳೀತು ಬಿಡು. ಮನಿ ತುಂಬ ಜನ ಇರ್ತಾರೆ, ಹೋಮದ ಹೊಗೆ ಇರ್ತೈತೆ, ಉಡುಗೊರೆ ಹೊರಗೆ ಇಟ್ಟಿರ್ತಾರೆ. ಊಟ ಮಾಡಿದಂಗೆ ಮಾಡಿ ಎತ್ಕೊಂಡು ಬಂದೀ. ಸ್ಟ್ಯಾಂಡು, ಕ್ಯಾರಿಯರ್, ಬೆಲ್ಲು ಎಲ್ಲಾ ಎಲ್ಲಿ ಮಾರಿದಿಯೋ?”

“ಸಾರ್, ಇದಕ್ಕೆ ಕ್ಯಾರಿಯರ್ ಇರೋದೇ ಇಲ್ಲ!”

“ನಾಕು ಲಕ್ಷದ ಗಾಡಿಗೆ ಕ್ಯಾರಿಯರ್ ಇಲ್ಲ ಅಂದ್ರೆ ನಂಬಾಕ ನಾನೇನು ನಿನ್ನೆ ಕೆಲಸಕ್ಕೆ ಸೇರೀನೇನು? ಬಿಲ್ಲು ತೋರ್ಸು.”

ಬಿಲ್ಲುಗಳೆಲ್ಲ ಮೊಬೈಲಿನಲ್ಲಿದ್ದವು, ಅರ್ಧ ಚೀನೀ ಲಿಪಿಯಲ್ಲಿ. ಹವಾಲ್ದಾರರು ಪರದೆಯನ್ನು ಅಡ್ಡ ಹಿಡಿದು, ಉದ್ದ ಹಿಡಿದು, “ಅಂತರರಾಷ್ಟ್ರೀಯ ಗ್ಯಾಂಗು” ಎಂದು ಗೌರವದಿಂದ ಹೇಳಿದರು. ಹರಿಹರದ ಜನ ಎಲ್ಲಿದ್ದರೋ, ಮಂಡಕ್ಕಿ ಚೆಲ್ಲಿದಲ್ಲಿ ಗುಬ್ಬಿ ಸೇರುವಂತೆ ಸೇರಿದರು. ಮುಖ ನೋಡಿದರೇ ತಿಳಿಯುತ್ತದೆ ಎಂದು ಒಬ್ಬ ಹೇಳಿದ. ತನ್ನ ಮನೆಯ ಕೊಳಗ ಹೋದದ್ದೂ ಗೃಹಪ್ರವೇಶದಲ್ಲೇ ಎಂದು ಒಬ್ಬಾಕೆ ನನ್ನನ್ನು ದುರುಗುಟ್ಟಿ ನೋಡಿದಳು.

ನಾನು ಪ್ರಶಾಂತನ ತೋಳು ಹಿಡಿದೆ. “ಸಾರ್, ಇವನು ನನ್ನ ಸ್ವಂತ ಷಡ್ಡಕ. ಕೇಳ್ರಿ.”

ಪ್ರಶಾಂತ ಒಂದು ಹೆಜ್ಜೆ ಹಿಂದೆ ಸರಿದ. “ಷಡ್ಡಕ ಹೌದ್ರೀ ಸಾರ್. ಆದ್ರೆ ಸೈಕಲ್ ಬಗ್ಗೆ ನನಗೇನೂ ಗೊತ್ತಿಲ್ರೀ. ನಂದು ಇದು, ಕಂಪನಿ ಮಾಲು. ಬಿಲ್ಲೂ ಐತೆ.”

ಆಗ ಗುಂಪಿನ ಹಿಂದಿನಿಂದ ಪೈಪಿನ ಸುರುಳಿ ಜನರನ್ನು ಸರಿಸುತ್ತ ಬಂತು; ಅದರ ಹಿಂದೆ ಕೊಟ್ರೇಶ. “ಸಾರ್, ಇವರು ಕದಿಯೋರಲ್ಲ. ಬೇಕಾದ್ರೆ ಇವರ ಬದಲಿ ನನ್ನ ಕೂಡ್ಸಿಕೊಳ್ರಿ.”

“ನೀನ್ಯಾರೋ? ಇವನಿಗೇನಾಗ್ಬೇಕು?”

ಕೊಟ್ರೇಶ ಗಂಟಲು ಸರಿಮಾಡಿಕೊಂಡ. “ಷಡ್ಡಕ ರೀ... ಆಗ್ಬೇಕಾದೋನು.”

“ಇನ್ನೂ ಆಗಿಲ್ಲ?”

“ಅದು ಈ ಸೈಕಲ್ ಮ್ಯಾಲೆ ನಿಂತೈತ್ರೀ.”

ಹವಾಲ್ದಾರರಿಗೆ ತಲೆ ಬಿಸಿಯಾಯಿತು. “ಒಬ್ಬ ಷಡ್ಡಕ ಹೌದು, ಆದ್ರೆ ಅಲ್ಲ ಅಂತಾನೆ. ಇನ್ನೊಬ್ಬ ಅಲ್ಲ, ಆದ್ರೆ ಹೌದು ಅಂತಾನೆ. ಕರೀರಿ ಆ ವಾಮದೇವಪ್ಪನ್ನ!”

ಮಾವನವರ ನಂಬರು ಹರಿಹರದಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ‘ನಿಮ್ಮ ಹೆಸರಿನ ನಾಲ್ಕು ಲಕ್ಷದ ಸೈಕಲ್ ಕಳ್ಳನ ಸಮೇತ ಸಿಕ್ಕಿದೆ, ಕಳ್ಳನಿಗೆ ಜಾಮೀನು ನಿಲ್ಲುವವನೊಬ್ಬನೂ ಇದ್ದಾನೆ’ ಎಂದು ಫೋನು ಹೋಯಿತು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಅತ್ತೆ ದ್ರಾಕ್ಷಾಯಣಮ್ಮನವರು, ಅಂಕಿತಾ, ಮಾವ, ಮೂವರೂ ಒಂದೇ ಆಟೋದಲ್ಲಿ ಬಂದಿಳಿದರು. ಅವಸರದಲ್ಲಿ ಅತ್ತೆಯವರು ಆರತಿ ತಟ್ಟೆಯನ್ನೂ ತಂದಿದ್ದರು. ಕಳ್ಳನೆಂದು ಸಿಕ್ಕಿಬಿದ್ದ ಅಳಿಯನಿಗೆ ಪೊಲೀಸ್ ಚೌಕಿಯಲ್ಲಿ ಆರತಿ ಸಿದ್ಧವಾಗಿ ಬಂದದ್ದು ಹರಿಹರದ ಇತಿಹಾಸದಲ್ಲಿ ಅದೇ ಮೊದಲು.

“ಬರ್ರಿ ಯಜಮಾನ್ರೇ. ಈ ಸೈಕಲ್ ನಿಮ್ದೇನ್ರೀ?” ಎಂದರು ಹವಾಲ್ದಾರರು.

ಮಾವನವರು ಕನ್ನಡಕ ಏರಿಸಿದರು. ಹ್ಯಾಂಡಲ್ ಓದಿದರು. ಸೀಟಿನ ಕಂಬ ಓದಿದರು. ಬಗ್ಗಿ ಪೆಡಲಿನ ತೋಳು ಓದಿದರು. ಗೇರಿನ ಕೊಂಡಿಯನ್ನು ಓದಲು ರಸ್ತೆಯ ಮೇಲೆ ಕುಕ್ಕುರುಗಾಲಲ್ಲಿ ಕೂತರು. ಜನರೂ ಜೊತೆಗೆ ಬಗ್ಗಿದರು. ಅಲ್ಲ ಎಂದರೆ ಅಳಿಯ ಊರ ಮುಂದೆ ಕಳ್ಳನಾಗುತ್ತಾನೆ. ಹೌದು ಎಂದರೆ ಹೆಸರಿಲ್ಲದ ಚೀನೀ ಸಾಮಾನು ವಾಮದೇವಪ್ಪನವರದಾಗುತ್ತದೆ. ಅಂಕಿತಾ ಉಗುರು ಕಚ್ಚುತ್ತ ಒಮ್ಮೆ ಸೈಕಲನ್ನೂ ಒಮ್ಮೆ ಪೈಪಿನ ಸುರುಳಿಯನ್ನೂ ನೋಡುತ್ತಿದ್ದಳು.

“ಇಷ್ಟು ಕಡೆ ನನ್ನ ಹೆಸರೈತಿ” ಎಂದರು ಮಾವನವರು ಎದ್ದು ನಿಂತು. ಧ್ವನಿ ಒದ್ದೆಯಾಗಿತ್ತು. “ನಮ್ಮ ಮನಿ ಹಂಡೆ ಮ್ಯಾಲೂ ಇಷ್ಟು ಕಡೆ ಇಲ್ಲ. ನಂದೇ ರೀ! ನಂದಲ್ದೆ ಯಾರದು?”

ಅಲ್ಲಿ ಏಳಬಹುದಾಗಿದ್ದ ಚಪ್ಪಾಳೆಯನ್ನು ತಡೆದವನು ಪ್ರಶಾಂತ. “ಮಾವ, ಪಂದ್ಯ ಹೆಸರಿಲ್ಲದ ಸೈಕಲ್ಲಿಂದು. ಇದಕ್ಕೆ ಹೆಸರು ಹಾಕ್ಸ್ಯಾರಲ್ಲ, ಇದು ನಡೆಯಲ್ಲ. ಮನಿತನಕ ಮುಟ್ಟೂ ಇಲ್ಲ.”

“ಮನಿ ಅಂತ ಎಲ್ಲಿತ್ತು ಭಾವಾ, ಹರಿಹರ ಅಂತ ಮಾತು” ಎಂದಳು ಅಂಕಿತಾ. “ಸಾರ್, ಇದು ಹರಿಹರ ಹೌದೋ ಅಲ್ಲೋ?”

ಹವಾಲ್ದಾರರಿಗೆ ಕೊನೆಗೂ ಖಚಿತವಾಗಿ ಗೊತ್ತಿರುವ ಪ್ರಶ್ನೆಯೊಂದು ಸಿಕ್ಕಿತು. “ಹರಿಹರನೇ ಅಮ್ಮ! ಅಲ್ಲಿ ಕಾಣೋ ಕಲ್ಲಿಂದಾನೇ ನಮ್ಮ ಹದ್ದು ಶುರು.”

“ಕೇಳಿದ್ಯಾ ಅಪ್ಪ? ಇನ್ನು ಹೆಸರು. ನೀನು ಬರೋ ಮೊದ್ಲು ಇದು ಕದ್ದ ಮಾಲು. ನೀನು ನಂದು ಅಂದ ಕೂಡ್ಲೆ ನಾಕು ಲಕ್ಷದ್ದು. ಸೈಕಲ್ಲಿಗೆ ಅಂದಂಗೆ ಮನುಷ್ಯಾಗೂ ಒಂದ್ಸಲ ಅನ್ನು.”

ಅಂಕಿತಾ ಬೆರಳು ಮಾಡಿ ತೋರಿಸಿದ ಕೊಟ್ರೇಶನನ್ನು ಮಾವನವರು ಮೊದಲ ಬಾರಿಗೆ ನೋಡಿದರು. ಬಳಿಕ ಹವಾಲ್ದಾರರನ್ನು ಕೇಳಿದರು: “ಜಾಮೀನು ನಿಲ್ತೀನಿ ಅಂದೋನು ಇವನೇ ಏನ್ರೀ?”

“ಇವನೇ ರೀ. ಆ ಗಿಣಿ ಅಂಗಿಯೋನು ಹಿಂದಕ್ಕೆ ಸರಿದ.”

ಮಾವನವರು ಪ್ರಶಾಂತನ ಸೈಕಲ್ಲಿನ ಮೇಲಿದ್ದ ದೊಡ್ಡ ಹೆಸರನ್ನು ಒಮ್ಮೆ ಓದಿ ಮುಖ ತಿರುಗಿಸಿದರು. “ಬಾರಪ್ಪ ಕೊಟ್ರೇಶ, ಊಟಕ್ಕೆ. ಆ ಪೈಪು ಇಲ್ಲೇ ಇಡು, ಹೆಸರಿಲ್ಲ, ಯಾರೂ ಒಯ್ಯಲ್ಲ. ಬೋರ್ಡು ಬರೆಸೋ ಮಾತು ಊಟ ಆದ್ಮ್ಯಾಲೆ.”

ಅತ್ತೆಯವರು ತಂದ ಆರತಿಯನ್ನು ವ್ಯರ್ಥ ಮಾಡಬಾರದೆಂದು ಅಲ್ಲೇ ಸೈಕಲ್ಲಿಗೆ ಎತ್ತಿದರು. ಹವಾಲ್ದಾರರೂ ಕೈಮುಗಿದರು.

ಹೀಗೆ ಒಂದು ಮದುವೆ ನನ್ನಿಂದ ಕುದುರಿತು. ಸಣ್ಣ ತೊಡಕು ಒಂದೇ. ಊಟ ಮುಗಿಸಿ ಸೈಕಲ್ ಕಡೆ ಕೈ ಚಾಚಿದರೆ ಮಾವನವರು ಅಡ್ಡ ಬಂದರು. “ಎಲ್ಲಿಗ್ರೀ? ಪೊಲೀಸರ ಮುಂದೆ ನಂದು ಅಂದೀನಿ. ಈಗ ನೀವು ಒಯ್ದ್ರೆ ನನ್ನ ಮಾತಿಗೆ ಏನು ಬೆಲೆ?” ನಾನು ಬಸ್ಸಿನಲ್ಲಿ, ನಿಂತುಕೊಂಡು, ದಾವಣಗೆರೆಗೆ ಬಂದೆ. ಈಗ ಅದಕ್ಕೆ ಸ್ಟ್ಯಾಂಡು, ಕ್ಯಾರಿಯರ್, ಮಡ್‌ಗಾರ್ಡ್, ಬೆಲ್ಲು ಎಲ್ಲ ಬಂದಿವೆ. ಮಾವನವರು ಪಂಚೆ ಎತ್ತಿ ಕಟ್ಟಿ ದಿನಾ ಹೊಳೆ ದಡಕ್ಕೆ ಹೋಗಿ ಬರುತ್ತಾರೆ. ಸುಷ್ಮಾ ಹೇಳುವುದೇನೆಂದರೆ, ನಿರ್ಮಲಮ್ಮನವರು ಮೊದಲೇ ಕಂಪ್ಲೇಂಟ್ ಕೊಡಿ ಎಂದಿದ್ದರು.

ಆದರೂ ನನಗೆ ಹೊಟ್ಟೆ ತಣ್ಣಗಿದೆ. ಅಂಕಿತಾಳ ಮದುವೆಯ ಪಾತ್ರೆಗಳಿಗೆ ಹೆಸರು ಹಾಕಿಸಲು ಚೌಕಿಪೇಟೆಗೆ ಹೋಗಿದ್ದಾಗ ಮುದುಕ ಒಂದು ಸಮಾಚಾರ ಹೇಳಿದ. ಗಿಣಿ ಬಣ್ಣದ ಅಂಗಿಯ ಒಬ್ಬರು ಬಂದಿದ್ದರಂತೆ. ಬಹಳ ಬೆಲೆಯ ಸೈಕಲ್ಲಂತೆ, ಕಾರ್ಬನ್ನಿನದಂತೆ, ಹತ್ತಿಯಷ್ಟು ಹಗುರವಂತೆ. ಮಾವನ ಹೆಸರನ್ನು ಎಲ್ಲ ಕಡೆ ಹಾಕು ಎಂದರಂತೆ.

“ಹಾಕಿದ್ಯಾ ಅಜ್ಜ?”

“‘ಶ್ರೀ’ ಹಾಕಿದೆ ನೋಡ್ರಿ, ಉದ್ದಕ್ಕೂ ಬಿರುಕು ಬಿಡ್ತು. ಅವರು ಅಲ್ಲೇ ಕೂತ್ಬಿಟ್ರು, ನೀರು ಕೊಟ್ಟೆ” ಎಂದು ಮುದುಕ ಕೊಟ್ರೇಶನ ಹಂಡೆಯನ್ನು ತೊಡೆಯ ಮೇಲೆ ಎಳೆದುಕೊಂಡ. “ನೋಡಾಕ ಚಂದ ಇತ್ತು ರೀ. ಆದ್ರೆ ಲೋಕಲ್ ಮಾಲು.”